ಅಮೆರಿಕದ ಅಂತರ್ಯುದ್ಧದ ಗ್ರಂಥಗಳು: ಒಂದು ಕರ್ತೃವಿಚಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧವನ್ನು ಕುರಿತು ಹುಟ್ಟಿರುವ ಗ್ರಂಥರಾಶಿಯು ಒಬ್ಬ ವಾಚಕನ ಆಯುಷ್ಯಕ್ಕೆ ಮೀರಿದುದು. ಸೇನಾನಿಗಳ ಆತ್ಮಚರಿತ್ರೆಗಳು, ದಂಡುಗಳ ಇತಿಹಾಸಗಳು, ಕಾದಂಬರಿಗಳು, ವಿಶ್ವವಿದ್ಯಾನಿಲಯಗಳ ಪ್ರೌಢಪ್ರಬಂಧಗಳು, ಈಚೆಗೆ ಚಲಚ್ಚಿತ್ರಗಳು, ಇವೆಲ್ಲವೂ ಸೇರಿ ಅದೊಂದು ಪ್ರತ್ಯೇಕ ವಾಙ್ಮಯವೇ ಆಗಿರುವುದು. ಇದನ್ನು ವಿಂಗಡಿಸಹೊರಟವರು ಸಾಮಾನ್ಯವಾಗಿ ಜನಪ್ರಿಯವೆಂದೂ ವಿದ್ವತ್ಪೂರ್ಣವೆಂದೂ ಎರಡು ಪಾಲು ಮಾಡಿ, ಮೊದಲನೆಯದು ರಂಜಕವಾದರೂ ನಂಬಲರ್ಹವಲ್ಲ, ಎರಡನೆಯದು ನೀರಸವಾದರೂ ಪ್ರಮಾಣಭೂತ ಎಂದು ತೀರ್ಪು ಕೊಡುವರು. ಈ ತೀರ್ಪು ತರಗತಿಯ ಬೋಧನೆಗೆ ಅನುಕೂಲವಾದುದು. ಗ್ರಂಥಗಳನ್ನು ತೆರೆದು ನೋಡಿದಾಗ ಮಾತ್ರ ನಿಲ್ಲತಕ್ಕುದಲ್ಲ. ಈ ಯುದ್ಧದ ವಿಷಯದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಕಾದಂಬರಿಕಾರರೂ ಪ್ರಾಧ್ಯಾಪಕರೂ ಒಂದೇ ತಪ್ಪನ್ನು ಮಾಡಿದರು. ಪ್ರಾಧ್ಯಾಪಕರ ಅಡಿಟಿಪ್ಪಣಿಗಳಿಂದ ಆ ತಪ್ಪಿಗೆ ಗಾಂಭೀರ್ಯ ಬಂದಿತೇ ಹೊರತು ತಿದ್ದುಪಡಿ ಬರಲಿಲ್ಲ.

ತಪ್ಪಿನ ಮೂಲವು ಒಂದು ಉಪಮೆಯಲ್ಲಿದೆ. ಈ ಯುದ್ಧವನ್ನು ಸೋದರರ ಕಲಹವೆಂದು ಕರೆಯುವುದು ಅಮೆರಿಕದಲ್ಲಿ ಬಹು ಹಿಂದಿನಿಂದಲೂ ರೂಢಿಯಾಗಿದೆ. ಕನ್ನಡದ ಓದುಗನಿಗೆ ಈ ಮಾತು ಕೇಳಿದೊಡನೆ ಕುರುಕ್ಷೇತ್ರವು ನೆನಪಿಗೆ ಬರುವುದು ಸಹಜ. ಪಂಪ, ರನ್ನ, ಕುಮಾರವ್ಯಾಸರನ್ನು ಓದಿ ಬೆಳೆದ ಮನಸ್ಸು ದಾಯಾದಿಗಳ ಯುದ್ಧವನ್ನು ಬೇಗ ಅರ್ಥಮಾಡಿಕೊಳ್ಳುತ್ತದೆ. ಅಷ್ಟೇ ಬೇಗ ಸೋತವನ ಕಡೆಗೆ ಒಲಿಯುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ ನಾಟಕವನ್ನು ಹೊರತೆಗೆದ ಮೇಲಂತೂ ದುರ್ಯೋಧನನ ಪತನದಲ್ಲಿ ಒಂದು ಘನತೆಯನ್ನು ಕಾಣುವುದು ನಮ್ಮ ವಿಮರ್ಶೆಗೆ ಅಭ್ಯಾಸವಾಗಿದೆ. ಆದುದರಿಂದಲೇ ದಕ್ಷಿಣ ಸಂಸ್ಥಾನಗಳ ಸೇನಾಪತಿಯಾದ ರಾಬರ್ಟ್ ಲೀಯ ಕಥೆಯು ಇಲ್ಲಿಯ ಓದುಗನನ್ನು ಸುಲಭವಾಗಿ ಸೆಳೆದುಕೊಳ್ಳಬಲ್ಲುದು. ಆದರೆ ಉಪಮೆಯು ಮುಖ್ಯವಾದ ಸ್ಥಳದಲ್ಲಿಯೇ ಹೊಂದುವುದಿಲ್ಲ. 1860ರ ಜನಗಣತಿಯಂತೆ ಆ ದೇಶದಲ್ಲಿ 39,53,760 ಮಂದಿ ಗುಲಾಮರಿದ್ದರು. ಅವರು ಈ ಕಲಹದಲ್ಲಿ ದಾಯಾದರಾಗಿರಲಿಲ್ಲ, ದಾಯವೇ ಆಗಿದ್ದರು. ಉಯಿಲುಗಳಲ್ಲಿ ಎತ್ತು ಕುದುರೆಗಳೊಡನೆ ಅವರ ಹೆಸರುಗಳೂ ಬರೆಯಲ್ಪಡುತ್ತಿದ್ದುವು. ಸೋದರರ ಕಲಹವೆಂದೊಡನೆ ಇಷ್ಟು ಜನರು ಕಥೆಯಿಂದ ಹೊರಗಾಗುವರು.

ಈ ಉಪಮೆಗೆ ಪುಷ್ಟಿ ದೊರೆತುದು ಹೇಗೆಂಬುದನ್ನು ಅರಿಯಲು ಗ್ರಂಥಸಂಪಾದಕರು ಮಾಡುವಂತೆ ಎರಡು ಪಾಠಗಳನ್ನು ಪಕ್ಕದಲ್ಲಿಟ್ಟು ನೋಡುವುದು ಲೇಸು. ದಕ್ಷಿಣದ ಹೊಸ ಸರ್ಕಾರಕ್ಕೆ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀವನ್ಸನು 1861ನೆಯ ಮಾರ್ಚಿ 21ರಂದು ಜಾರ್ಜಿಯದ ಸವಾನ ನಗರದಲ್ಲಿ ಭಾಷಣ ಮಾಡಿದನು. ಕರಿಯನು ಬಿಳಿಯನಿಗೆ ಸಮನಲ್ಲ, ದಾಸ್ಯವೇ ಅವನಿಗೆ ಸಹಜವಾದ ಸ್ಥಿತಿ. ಈ ತತ್ತ್ವವೇ ಹೊಸ ರಾಜ್ಯದ ಮೂಲೆಗಲ್ಲು ಎಂದು ಅವನು ಅಲ್ಲಿ ಸಂದಿಗ್ಧವಿಲ್ಲದೆ ಹೇಳಿದನು. ಸಭೆಯು ಕರತಾಡನ ಮಾಡಿತು. ಯುದ್ಧದಲ್ಲಿ ಸೋತ ಮೇಲೆ ಅವನೇ 1868ರಲ್ಲಿಯೂ 1870ರಲ್ಲಿಯೂ ಎರಡು ಸಂಪುಟಗಳ ಒಂದು ಘನವಾದ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಯುದ್ಧದ ಕಾರಣವು ರಾಜ್ಯಾಂಗವನ್ನು ಕುರಿತ ಒಂದು ಸೂಕ್ಷ್ಮವಾದ ಭಿನ್ನಾಭಿಪ್ರಾಯ: ಒಕ್ಕೂಟವು ಸ್ವತಂತ್ರ ಸಂಸ್ಥಾನಗಳ ಕೂಟವೋ, ಏಕೀಕೃತ ರಾಷ್ಟ್ರವೋ ಎಂಬ ಪ್ರಶ್ನೆ. ದಾಸ್ಯವು ಆ ಪ್ರಶ್ನೆಯನ್ನು ಹೊರಕ್ಕೆ ತಂದ ಒಂದು ನಿಮಿತ್ತ ಮಾತ್ರವಂತೆ. ಏಳು ವರ್ಷಗಳ ಅಂತರದಲ್ಲಿ ಮೂಲೆಗಲ್ಲು ನಿಮಿತ್ತವಾಯಿತು. ದಕ್ಷಿಣದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸನು 1881ರಲ್ಲಿ ಪ್ರಕಟಿಸಿದ ಗ್ರಂಥದ ವರಸೆಯೂ ಇದೇ.

ಇಂಥ ಪಾಠಭೇದ ಬಂದಾಗ ಘಟನೆಗೆ ಹತ್ತಿರವಾದ, ಲಾಭದ ಆಸೆಯಿಲ್ಲದ ಪಾಠವನ್ನು ಹಿಡಿಯಬೇಕೆಂಬುದು ಸಾಮಾನ್ಯ ನಿಯಮ. ಹತ್ತಿರದ ಪಾಠಗಳಿಗೇನೂ ಕೊರತೆಯಿರಲಿಲ್ಲ. ದಕ್ಷಿಣ ಕೆರೊಲೈನ, ಮಿಸಿಸಿಪ್ಪಿ, ಜಾರ್ಜಿಯ, ಟೆಕ್ಸಾಸ್ ಸಂಸ್ಥಾನಗಳು ಒಕ್ಕೂಟವನ್ನು ಬಿಡುವಾಗ ಅದಕ್ಕೆ ಕಾರಣಗಳನ್ನು ಬರೆದು ಮುದ್ರಿಸಿದ್ದುವು. ಎಲ್ಲದರಲ್ಲಿಯೂ ದಾಸ್ಯಪದ್ಧತಿಯ ರಕ್ಷಣೆಯೇ ಮುಂದೆ ನಿಂತಿದೆ. ದೂರದ ಪುಣೆಯಲ್ಲಿದ್ದ ಜ್ಯೋತಿರಾವ್ ಫುಲೆಗೆ ಈ ವಿಷಯದಲ್ಲಿ ಸಂದೇಹವಿರಲಿಲ್ಲ; 1873ರಲ್ಲಿ ಅವನು ತನ್ನ ‘ಗುಲಾಮಗಿರಿ’ಯನ್ನು ದಾಸ್ಯವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದನು. ಅಮೆರಿಕದ ವಿದ್ವಾಂಸರಲ್ಲಿ ಬಹುಮಂದಿ ಮಾತ್ರ ಎರಡನೆಯ ಪಾಠವನ್ನೇ ಹಿಡಿದರು. ದಕ್ಷಿಣದವರೇ ಆದ ಚಾರ್ಲ್ಸ್ ಡ್ಯೂ ಅವರು ಸಂಸ್ಥಾನಗಳ ಪ್ರತಿನಿಧಿಗಳು ಆ ಚಳಿಗಾಲದಲ್ಲಿ ಊರೂರಿಗೆ ಹೋಗಿ ಮಾಡಿದ ಭಾಷಣಗಳನ್ನೂ ಬರೆದ ಪತ್ರಗಳನ್ನೂ ಒಟ್ಟುಗೂಡಿಸಿ 2001ರಲ್ಲಿ ಒಂದು ಸಣ್ಣ ಪುಸ್ತಕವನ್ನು ಬರೆಯಬೇಕಾಯಿತು. ಅಷ್ಟು ಸಣ್ಣ ಪುಸ್ತಕಕ್ಕೆ ಅಷ್ಟು ಕಾಲ ಹಿಡಿದುದೇ ಒಂದು ವಿಮರ್ಶೆ.

ಜನಪ್ರಿಯ ಪಕ್ಷದಲ್ಲಿ ‘ಸೆಂಚುರಿ’ ಎಂಬ ಮಾಸಪತ್ರಿಕೆಯು 1884ರಿಂದ 1887ರವರೆಗೆ ಎರಡು ಪಕ್ಷಗಳ ಸೇನಾನಿಗಳಿಂದಲೂ ಯುದ್ಧದ ಸ್ಮರಣೆಗಳನ್ನು ಬರೆಯಿಸಿ ಅಚ್ಚುಮಾಡಿತು. ಕಾರಣಗಳ ಚರ್ಚೆಯನ್ನು ಬದಿಗಿಟ್ಟು ಕದನಗಳನ್ನು ಮಾತ್ರ ವರ್ಣಿಸಬೇಕೆಂಬುದು ಸಂಪಾದಕರ ನೀತಿಯಾಗಿದ್ದಿತು. ಶೌರ್ಯಕ್ಕೆ ಪಕ್ಷವಿಲ್ಲವಾದುದರಿಂದ ಈ ನೀತಿಯು ಎಲ್ಲರಿಗೂ ಮೆಚ್ಚಾಯಿತು, ಪತ್ರಿಕೆಯ ಪ್ರಸಾರವೂ ಏರಿತು. ಆದರೆ ಇದೇ ಮಾಲೆಗೆ ಬರೆಯಲು ತೊಡಗಿದ ಯುಲಿಸೀಸ್ ಗ್ರಾಂಟನ ಕೈಯಿಂದ ಬೇರೊಂದು ಬಗೆಯ ಗ್ರಂಥವು ಹೊರಟಿತು. ಗಂಟಲಿನ ಅರ್ಬುದರೋಗದಿಂದ ಸಾಯುತ್ತ, ಸಾಲದಲ್ಲಿ ಮುಳುಗಿ, ಹೆಂಡತಿ ಮಕ್ಕಳಿಗೆ ಏನಾದರೂ ಉಳಿಯಲೆಂದು ಅವನು ಬರೆದ ಆತ್ಮಚರಿತ್ರೆಯು 1885ನೆಯ ಜುಲೈಯಲ್ಲಿ, ಅವನ ಮರಣಕ್ಕೆ ಕೆಲವೇ ದಿನಗಳ ಮುನ್ನ ಮುಗಿದಿತು. ಮಾರ್ಕ್ ಟ್ವೇನನ ಪ್ರಕಾಶನ ಸಂಸ್ಥೆಯು ಅದನ್ನು ಮನೆಮನೆಗೆ ಚಂದಾ ಎತ್ತಿ ಮಾರಿತು. ಹೀಗೆ ಹುಟ್ಟಿದ ಪುಸ್ತಕವು ಜನಪ್ರಿಯವೆನ್ನಲು ಎಲ್ಲ ವಿಧದಿಂದಲೂ ಅರ್ಹವಾದುದು. ಆದರೂ ಯುದ್ಧದ ಕಾರಣವು ದಾಸ್ಯವೇ ಎಂದು ಅದರ ಕಡೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಲೀಯ ಶರಣಾಗತಿಯನ್ನು ವರ್ಣಿಸುವಲ್ಲಿ ಗ್ರಾಂಟನು ವೈರಿಯ ದುಃಖಕ್ಕೆ ಮರುಗುತ್ತಾನೆ. ಅದೇ ಉಸಿರಿನಲ್ಲಿ, ಅವರು ಹೋರಾಡಿದ ಉದ್ದೇಶಕ್ಕಿಂತ ಹೀನವಾದ ಉದ್ದೇಶವು ವಿರಳವೆಂದೂ ಹೇಳುತ್ತಾನೆ. ಈ ಎರಡು ಭಾವಗಳನ್ನು ಒಂದೆಡೆ ಹಿಡಿದಿಟ್ಟುಕೊಳ್ಳುವ ಶಕ್ತಿ ಮುಂದೆ ಬಂದ ಅನೇಕ ವಿದ್ವಾಂಸರಿಗೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಡನ್ನಿಂಗನೂ ಅವನ ಶಿಷ್ಯರೂ ಯುದ್ಧಾನಂತರದ ಪುನಾರಚನೆಯ ಕಾಲವನ್ನು ಕರಿಯರ ಅಯೋಗ್ಯತೆಯ ಕಥೆಯಾಗಿ ಬರೆದರು. ಯು. ಬಿ. ಫಿಲಿಪ್ಸನು 1918ರಲ್ಲಿ ತೋಟದ ಯಜಮಾನರ ಲೆಕ್ಕಪತ್ರಗಳನ್ನು ಶ್ರಮದಿಂದ ಹುಡುಕಿ, ದಾಸ್ಯವು ಒಂದು ಪಾಠಶಾಲೆಯಂತಿದ್ದಿತೆಂಬ ಅಭಿಪ್ರಾಯಕ್ಕೆ ಬಂದನು. ಯಜಮಾನರ ಲೆಕ್ಕವನ್ನೇ ಓದಿದವನಿಗೆ ಯಜಮಾನರ ಅಭಿಪ್ರಾಯವೇ ದೊರೆತುದರಲ್ಲಿ ಆಶ್ಚರ್ಯವಿಲ್ಲ. ಈ ಪಾಂಡಿತ್ಯಕ್ಕೂ ಜನಪ್ರಿಯ ಕಲೆಗೂ ಇದ್ದ ನಂಟು 1915ರ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಚಲಚ್ಚಿತ್ರದಲ್ಲಿ ಬಯಲಾಯಿತು. ಥಾಮಸ್ ಡಿಕ್ಸನನ ಕೀಳು ಕಾದಂಬರಿಯೊಂದನ್ನು ಆಧರಿಸಿದ ಆ ಮೂಕಚಿತ್ರದ ನಡುವೆ ತೆರೆಯ ಮೇಲೆ ಮೂಡುವ ಬರಹಗಳಲ್ಲಿ ಕೆಲವು ವುಡ್ರೊ ವಿಲ್ಸನನ ಅಮೆರಿಕ ಚರಿತ್ರೆಯಿಂದ ಆಯ್ದುವು. ಹಿಂದೆ ಪ್ರಾಧ್ಯಾಪಕನಾಗಿದ್ದ ವಿಲ್ಸನನು ಆಗ ದೇಶದ ಅಧ್ಯಕ್ಷ. ಚಿತ್ರವನ್ನು ಶ್ವೇತಭವನದಲ್ಲಿಯೇ ಪ್ರದರ್ಶಿಸಲಾಯಿತು. ಇಲ್ಲಿ ಯಾವುದು ಜನಪ್ರಿಯ, ಯಾವುದು ವಿದ್ವತ್ಪೂರ್ಣ ಎಂದು ಗೆರೆ ಎಳೆಯುವುದು ಯಾರಿಗೂ ಸಾಧ್ಯವಿಲ್ಲ.

ಚಾರ್ಲ್ಸ್ ಮತ್ತು ಮೇರಿ ಬಿಯರ್ಡ್ ದಂಪತಿಗಳು 1927ರಲ್ಲಿ ಈ ಯುದ್ಧವು ಯಂತ್ರೋದ್ಯಮಕ್ಕೂ ತೋಟದ ಬೇಸಾಯಕ್ಕೂ ನಡೆದ ಹೋರಾಟವೆಂದರು. ಅರ್ಥಶಾಸ್ತ್ರದ ಈ ನೋಟದಿಂದ ಒಂದು ಉಪಕಾರವಾಗಬಹುದಾಗಿದ್ದಿತು, ಆಗಲಿಲ್ಲ. ಹತ್ತಿಯನ್ನು ಬೆಳೆದ ಕೈಗಳನ್ನು ಬಿಟ್ಟು ಹತ್ತಿಯನ್ನು ಮಾತ್ರ ನೋಡಿದುದೇ ಅದರ ಕೊರತೆ. ಹತ್ತಿಯ ಮಾತು ಬಂದುದರಿಂದ ಹೇಳಬೇಕಾದುದೊಂದಿದೆ. ದಕ್ಷಿಣದ ಬಂದರುಗಳು ಮುಚ್ಚಿ ಲಂಕಾಷೈರಿನ ಗಿರಣಿಗಳು ನಿಂತಾಗ ಧಾರವಾಡದ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಆ ಹತ್ತಿಯನ್ನು ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1865ರಲ್ಲಿ ಯುದ್ಧವು ಮುಗಿದೊಡನೆ ಬೆಲೆ ಬಿದ್ದಿತು; ಜಿಲ್ಲೆಯು ಮುಂಬಯಿಯಲ್ಲಿಯೇ ಉಳಿಯಿತು. ಕನ್ನಡ ನಾಡಿನ ಭೂಪಟದ ಮೇಲೆ ಹೀಗೆ ಗೆರೆ ಎಳೆದ ಯುದ್ಧವನ್ನು ಅಮೆರಿಕದವರ ಮನೆಯ ಜಗಳವೆಂದು ಭಾವಿಸುವುದು ಇಲ್ಲಿಯವರಿಗೂ ತಕ್ಕುದಲ್ಲ. ಸ್ವೆನ್ ಬೆಕರ್ಟ್ ಅವರು 2014ರ ತಮ್ಮ ಹತ್ತಿಯ ಚರಿತ್ರೆಯಲ್ಲಿ ಈ ವಿಶಾಲವಾದ ಸಂಬಂಧವನ್ನು ವಿಚಾರಿಸಿರುವರು.

ಅಡಿಟಿಪ್ಪಣಿಯ ಶಕ್ತಿಯನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುವ ಗ್ರಂಥವೆಂದರೆ ಡಗ್ಲಸ್ ಸೌತಾಲ್ ಫ್ರೀಮನ್ನನು 1934–35ರಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ಲೀಯ ಚರಿತ್ರೆ. ಯುದ್ಧದ ಪ್ರತಿ ಗಳಿಗೆಯಲ್ಲಿಯೂ ಲೀಗೆ ತಿಳಿದಿದ್ದಷ್ಟನ್ನು ಮಾತ್ರ ಓದುಗನಿಗೆ ತಿಳಿಸಬೇಕೆಂಬುದು ಅವನ ನಿರೂಪಣಾಕ್ರಮ. ಕದನದ ವರ್ಣನೆಯಲ್ಲಿ ಇದು ಅದ್ಭುತವಾಗಿ ಫಲಿಸಿದೆ. ಓದುಗನು ಲೀಯೊಡನೆ ಸುದ್ದಿಗಾಗಿ ಕಾಯುತ್ತಾನೆ, ತಪ್ಪು ಊಹೆ ಮಾಡುತ್ತಾನೆ. ಆದರೆ ಲೀಯ ಕಣ್ಣಿಗೆ ಬೀಳದುದು ಓದುಗನಿಗೂ ಬೀಳದು. ಲೀಯ ಮಾವನು 1857ರಲ್ಲಿ ಸತ್ತಾಗ, ತನ್ನ ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಉಯಿಲು ಬರೆದಿದ್ದನು. ಅದನ್ನು ನಡೆಸುವ ಭಾರ ಲೀಯ ಮೇಲೆ ಬಿದ್ದಿತು. ಬಿಡುಗಡೆಗಾಗಿ ಕಾದು ಬೇಸತ್ತು 1859ರಲ್ಲಿ ಆರ್ಲಿಂಗ್ಟನ್ನಿನಿಂದ ಓಡಿಹೋಗಿ ಸೆರೆಸಿಕ್ಕ ವೆಸ್ಲಿ ನಾರಿಸ್ ಎಂಬವನು, ಲೀ ತಮಗೆ ಚಾವಟಿಯ ಏಟು ಹಾಕಿಸಿದನೆಂದು 1866ರಲ್ಲಿ ಹೇಳಿಕೆ ಕೊಟ್ಟನು. ಫ್ರೀಮನ್ನನು ಈ ಕಥೆಯನ್ನು ದಾಸ್ಯವಿರೋಧಿಗಳ ಅಪವಾದವೆಂದು ತಳ್ಳಿಹಾಕಿದನು. ಎಲಿಜಬೆತ್ ಬ್ರೌನ್ ಪ್ರಯರ್ ಅವರು 2007ರ ತಮ್ಮ ಗ್ರಂಥದಲ್ಲಿ ಅದೇ ಹೇಳಿಕೆಯನ್ನು ಇತರ ದಾಖಲೆಗಳೊಡನೆ ತಾಳೆನೋಡಿದರು. ನಾರಿಸನು ಹೆಸರಿಸಿದ ಪೋಲೀಸು ಅಧಿಕಾರಿಗೆ ಹಣ ಸಲ್ಲಿಸಿದ ಲೆಕ್ಕವು ಲೀಯ ಸ್ವಂತ ಪುಸ್ತಕದಲ್ಲಿಯೇ ಇದ್ದಿತು. ಫ್ರೀಮನ್ನನಿಗೆ ಶ್ರಮದ ಕೊರತೆಯಿರಲಿಲ್ಲ, ಪ್ರಾಮಾಣಿಕತೆಯ ಕೊರತೆಯೂ ಇದ್ದಂತೆ ತೋರದು. ಒಬ್ಬ ಗುಲಾಮನ ಮಾತು ಪ್ರಮಾಣವಾಗಬಲ್ಲುದೆಂಬುದೇ ಅವನಿಗೆ ಹೊಳೆಯಲಿಲ್ಲ. ಅವನ ಕಡೆಯ ಸಂಪುಟ ಬಂದ ಮರುವರ್ಷ, 1936ರಲ್ಲಿ, ಮಾರ್ಗರೆಟ್ ಮಿಚೆಲಳ ‘ಗಾನ್ ವಿತ್ ದಿ ವಿಂಡ್’ ಪ್ರಕಟವಾಯಿತು. ಅದರ ವಿಷಯದಲ್ಲಿ ವಿದ್ವಾಂಸರು ಮೂಗು ಮುರಿಯುವುದುಂಟು. ಆದರೆ ವಿದ್ವಾಂಸರು ಕಟ್ಟಿಕೊಟ್ಟ ಮನೆಯಲ್ಲಿಯೇ ಅವಳ ಪಾತ್ರಗಳು ವಾಸವಾಗಿರುವುವು.

ಇವುಗಳ ನಡುವೆ, 1935ರಲ್ಲಿ, ಡಬ್ಲ್ಯು. ಇ. ಬಿ. ಡುಬಾಯ್ಸನ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಹೊರಬಂದಿತು. ಅದರ ವಿಶೇಷವನ್ನು ತಿಳಿಯಲು ಒಂದು ಸಣ್ಣ ಘಟನೆಯನ್ನು ಹಿಡಿಯಬಹುದು. 1861ನೆಯ ಮೇ ತಿಂಗಳಲ್ಲಿ ವರ್ಜೀನಿಯದ ಕರಾವಳಿಯಲ್ಲಿ ಒಕ್ಕೂಟದ ಸೇನೆಯ ವಶದಲ್ಲಿದ್ದ ಮನ್ರೋ ಕೋಟೆಗೆ ಫ್ರಾಂಕ್ ಬೇಕರ್, ಷೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ಬಂದು ಸೇರಿದರು. ದಕ್ಷಿಣದವರು ಅವರನ್ನು ಫಿರಂಗಿಯ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿದ್ದರು. ಮಾರನೆಯ ದಿನ ಯಜಮಾನನ ಕಡೆಯವನು ಬಿಳಿಯ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರನ್ನು ಒಪ್ಪಿಸಬೇಕೆಂಬ ಕಾನೂನನ್ನು ಹೇಳಿ ಕೇಳಿದನು. ವಕೀಲಿಕೆ ಮಾಡಿದ್ದ ಸೇನಾನಿ ಬೆಂಜಮಿನ್ ಬಟ್ಲರನು, ವರ್ಜೀನಿಯವು ತಾನು ಪರದೇಶವೆನ್ನುತ್ತಿರುವಾಗ ಈ ದೇಶದ ಕಾನೂನು ಅದಕ್ಕೆ ಸಲ್ಲದೆಂದೂ, ವೈರಿಯು ಯುದ್ಧಕ್ಕೆ ಬಳಸುವ ಸೊತ್ತಾದುದರಿಂದ ಇವರನ್ನು ಮುಟ್ಟುಗೋಲು ಹಾಕಿಕೊಂಡಿರುವೆನೆಂದೂ ಉತ್ತರಕೊಟ್ಟನು. ಈ ಕಥೆಯು ಜನಪ್ರಿಯ ಚರಿತ್ರೆಗಳಲ್ಲಿ ಬಟ್ಲರನ ವಾಕ್ಚಾತುರ್ಯದ ಉದಾಹರಣೆಯಾಗಿ ಬರುತ್ತದೆ, ವಿದ್ವದ್ಗ್ರಂಥಗಳಲ್ಲಿ ವಿಮೋಚನೆಯ ನೀತಿಗೆ ಪೀಠಿಕೆಯಾಗಿ ಬರುತ್ತದೆ. ಎರಡರಲ್ಲಿಯೂ ವಾಕ್ಯದ ಕರ್ತೃ ಬಟ್ಲರನು, ಮೂವರು ಕರ್ಮಸ್ಥಾನದಲ್ಲಿರುವರು. ಅವರು ಸ್ವೀಕರಿಸಲ್ಪಟ್ಟರು, ಮುಂದೆ ಲಿಂಕನ್ನನಿಂದ ವಿಮೋಚಿಸಲ್ಪಟ್ಟರು. ನಮ್ಮ ವೈಯಾಕರಣರ ಪ್ರಕಾರ ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃ. ಆ ರಾತ್ರಿ ದೋಣಿ ಹತ್ತಿದವರು ಯಾರೆಂದು ಕೇಳಿದರೆ ಉತ್ತರದಲ್ಲಿ ಬಟ್ಲರನ ಹೆಸರು ಬರುವುದಿಲ್ಲ. ಅವರ ಹಿಂದೆ ಅದೇ ದಾರಿಯಲ್ಲಿ ಲಕ್ಷಗಟ್ಟಲೆ ಜನ ಬಂದರು. 1863ನೆಯ ಜನವರಿ 1ರ ಘೋಷಣೆಗೆ ಪೂರ್ವದಲ್ಲಿಯೇ ಅವರ ಬರವು ಒಕ್ಕೂಟದ ಸೇನೆಯು ಉತ್ತರ ಹೇಳಲೇಬೇಕಾದ ಪ್ರಶ್ನೆಯಾಗಿದ್ದಿತು. ಅನಂತರ ಸುಮಾರು 1,79,000 ಕರಿಯರು ಒಕ್ಕೂಟದ ಭೂಸೇನೆಯಲ್ಲಿ ಆಯುಧ ಹಿಡಿದರು. ಡುಬಾಯ್ಸನು ಈ ಇಡೀ ಚಲನವನ್ನು ಸಾರ್ವತ್ರಿಕ ಮುಷ್ಕರವೆಂದು ಕರೆದು, ಗುಲಾಮರನ್ನು ಕರ್ತೃಸ್ಥಾನಕ್ಕೆ ತಂದನು.

ಆ ಗ್ರಂಥದಲ್ಲಿ ದೋಷಗಳಿಲ್ಲದಿಲ್ಲ. ಕೂಲಿಯೇ ಇಲ್ಲದವರ ಪಲಾಯನಕ್ಕೆ ಕಾರ್ಖಾನೆಯ ಕೂಲಿಗಾರರ ಮುಷ್ಕರದ ಹೆಸರು ಬಲಾತ್ಕಾರವಾಗಿ ಹೊಂದಿಸಿದಂತಿದೆ. ಅಚ್ಚಾದ ಆಕರಗಳ ಮೇಲೆಯೇ ಬಹುಮಟ್ಟಿಗೆ ನಿಂತಿರುವುದು, ಹಸ್ತಲಿಖಿತ ದಾಖಲೆಗಳ ಬಳಕೆ ಕಡಮೆ. ಕೆಲವೆಡೆ ವಾಗ್ಮಿತೆಯು ವಾದವನ್ನು ಮುಳುಗಿಸುವುದು. ಹಾರ್ವರ್ಡಿನಲ್ಲಿ 1895ರಲ್ಲಿ ಡಾಕ್ಟರ್ ಪದವಿ ಪಡೆದ ಈ ವಿದ್ವಾಂಸನು 1909ರಲ್ಲಿ ಅಮೆರಿಕದ ಚರಿತ್ರಕಾರರ ಸಂಘದ ಮುಂದೆ ಪುನಾರಚನೆಯ ಪ್ರಯೋಜನಗಳನ್ನು ಕುರಿತು ಪ್ರಬಂಧ ಓದಿದ್ದನು. ಸಂಘದ ಪತ್ರಿಕೆಯು ಅದನ್ನು 1910ರಲ್ಲಿ ಅಚ್ಚುಮಾಡಿತ್ತು. ಅದೇ ಪತ್ರಿಕೆಯು 1935ರ ಗ್ರಂಥಕ್ಕೆ ವಿಮರ್ಶೆಯನ್ನೇ ಬರೆಯಿಸಲಿಲ್ಲ. ದೋಷಗಳನ್ನು ಎತ್ತಿ ತೋರಿಸಿ ಖಂಡಿಸಿದ್ದರೂ ವಿದ್ವತ್ತಿನ ಧರ್ಮವು ಉಳಿಯುತ್ತಿದ್ದಿತು. ಚರಿತ್ರೆಯು ಹೇಗೆ ಪ್ರಚಾರವಾಗುತ್ತದೆಂಬುದನ್ನು ಅವನು ತನ್ನ ಕಡೆಯ ಅಧ್ಯಾಯದಲ್ಲಿ ಗ್ರಂಥಗಳ ಹೆಸರು ಹಿಡಿದು ವಿಚಾರಿಸಿರುವನು. ಬಹುಶಃ ಈ ವಾಙ್ಮಯದ ಮೇಲಿನ ಅತ್ಯುತ್ತಮ ವಿಮರ್ಶೆ ಅದೇ. ಶಾಲೆಯ ಪಠ್ಯಪುಸ್ತಕಗಳನ್ನು ಬರೆಯುವವರು ಅದನ್ನಾದರೂ ಓದತಕ್ಕುದು.

ಇದಾದ ಐದು ವರ್ಷಕ್ಕೆ ಜೇಮ್ಸ್ ರ್‍ಯಾಂಡಲನು, ಆ ಪೀಳಿಗೆಯ ರಾಜಕಾರಣಿಗಳ ಎಡವಟ್ಟಿನಿಂದಲೇ ಯುದ್ಧವು ಸಂಭವಿಸಿತೆಂದೂ, ರಾಜಿಯಿಂದ ಅದನ್ನು ತಪ್ಪಿಸಬಹುದಾಗಿತ್ತೆಂದೂ ವಾದಿಸಿದನು. ಪ್ರಾಧ್ಯಾಪಕರಲ್ಲಿ ಈ ವಾದವು ಬಹುಬೇಗ ಹಳೆಯದಾಯಿತು. ಆದರೆ 1990ರಲ್ಲಿ ಕೆನ್ ಬರ್ನ್ಸ್ ಅವರ ಒಂಬತ್ತು ಭಾಗಗಳ ಚಿತ್ರಮಾಲೆಯು ದೂರದರ್ಶನದಲ್ಲಿ ಬಂದಾಗ, ಅಮೆರಿಕದವರ ರಾಜಿಯ ಜಾಣ್ಮೆ ಕೈಕೊಟ್ಟುದರಿಂದ ಯುದ್ಧವಾಯಿತೆಂಬ ಮಾತು ಕಾದಂಬರಿಕಾರ ಷೆಲ್ಬಿ ಫೂಟನ ಬಾಯಿಂದ ಮತ್ತೆ ಹೊರಟಿತು. ಸುಮಾರು 4 ಕೋಟಿ ಜನ ನೋಡಿದರೆಂದು ಲೆಕ್ಕ. ಯಾರ ದಾಸ್ಯವನ್ನು ಒತ್ತೆಯಿಟ್ಟು ಆ ರಾಜಿಗಳು ನಡೆಯುತ್ತಿದ್ದುವೆಂಬುದನ್ನು ಅವನು ಹೇಳಲಿಲ್ಲ. ಅದೇ ಚಿತ್ರದಲ್ಲಿ ಬಾರ್ಬರಾ ಫೀಲ್ಡ್ಸ್ ಎಂಬ ಪ್ರಾಧ್ಯಾಪಿಕೆಯು ಆ ಪ್ರಶ್ನೆಯನ್ನು ಎತ್ತಿದರು. ಆದರೆ ಫೂಟನಿಗೆ ದೊರೆತ ಕಾಲದಲ್ಲಿ ಅವರಿಗೆ ದೊರೆತುದು ಅಲ್ಪಾಂಶ. ಫೂಟನು 1958, 1963, 1974ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಕಥನವು ಮೂರು ಸಾವಿರ ಪುಟಗಳಿಗೆ ಹತ್ತಿರವಾದುದು. ಅದರಲ್ಲಿ ಅಡಿಟಿಪ್ಪಣಿಗಳಿಲ್ಲವೆಂದು ಆಕ್ಷೇಪಿಸುವವರು ಮುಖ್ಯವಾದುದನ್ನು ಬಿಟ್ಟಿರುವರು. ಗದ್ಯವು ಸೊಗಸಾದುದು, ಮಳೆ, ಕೆಸರು, ದಣಿವು, ಆದೇಶಗಳ ಗೊಂದಲ ಇವುಗಳನ್ನು ಅಷ್ಟು ಸ್ಪಷ್ಟವಾಗಿ ಕಾಣಿಸುವವರು ಕಡಮೆ. ಸೆನೆಟ್ ಸಭೆಯಿಂದ ಡೇವಿಸನು ಬೀಳ್ಕೊಳ್ಳುವ ದೃಶ್ಯದಿಂದ ಕಥೆ ಆರಂಭವಾಗುತ್ತದೆ, ಅವನಿಗೆ ಲಿಂಕನ್ನನು ಎದುರು ಜೋಡಿಯಾಗುತ್ತಾನೆ. ಈ ಸಮತೂಕಕ್ಕಾಗಿ ಗ್ರಂಥಕರ್ತನು ತೆತ್ತ ಬೆಲೆಯೆಂದರೆ ಮೂರನೆಯ ಪಕ್ಷ. ನೂರಾರು ಅಡಿಟಿಪ್ಪಣಿಗಳನ್ನು ಸೇರಿಸಿದರೂ ಆ ಕೊರತೆ ತುಂಬುತ್ತಿರಲಿಲ್ಲ.

ಜೇಮ್ಸ್ ಮೆಕ್‌ಫರ್ಸನ್ ಅವರ 1988ರ ‘ಬ್ಯಾಟಲ್ ಕ್ರೈ ಆಫ್ ಫ್ರೀಡಂ’ ಪುಟಪುಟದ ಅಡಿಯಲ್ಲಿಯೂ ಟಿಪ್ಪಣಿಯಿದ್ದು, ಒಂಬೈನೂರು ಪುಟಗಳಿದ್ದು, ಆದರೂ ಅಂಗಡಿಗಳಲ್ಲಿ ಕಾದಂಬರಿಯಂತೆ ಮಾರಾಟವಾಯಿತು. ಮೊದಲ ಫಿರಂಗಿ ಹಾರುವ ಮುನ್ನ ಇನ್ನೂರಕ್ಕೂ ಹೆಚ್ಚು ಪುಟಗಳನ್ನು ದಾಸ್ಯದ ಸಮಸ್ಯೆಗೆ ಮೀಸಲಿಟ್ಟ ಗ್ರಂಥವನ್ನು ಸಾಮಾನ್ಯ ಓದುಗನು ಕೈಬಿಡುವನೆಂಬ ಪ್ರಕಾಶಕರ ಭಯವು ಇದರಿಂದ ಸುಳ್ಳಾಗಿದೆ. ಒಂದೇ ಸಂಪುಟವನ್ನು ಕೊಳ್ಳಬಲ್ಲ ಕಾಲೇಜಿನ ಭಂಡಾರಕ್ಕೆ ಇದಕ್ಕಿಂತ ಉತ್ತಮವಾದುದನ್ನು ಸೂಚಿಸುವುದು ಕಷ್ಟ.

ಮಡಿದವರ ಸಂಖ್ಯೆಯಲ್ಲಿಯೂ ಈ ವಾಙ್ಮಯದ ಸ್ವಭಾವವು ಕಾಣುತ್ತದೆ. ಒಂದು ಶತಮಾನ ಕಾಲ 6,20,000 ಎಂಬ ಅಂಕಿಯು ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಿದ್ದಿತು. 2011ರಲ್ಲಿ ಡೇವಿಡ್ ಹ್ಯಾಕರ್ ಅವರು ಜನಗಣತಿಗಳನ್ನು ಹೋಲಿಸಿ 7,50,000ದ ಅಂದಾಜನ್ನು ಮುಂದಿಟ್ಟರು. ಅನಂತರದ ಗಣನೆಯೊಂದು ಅದನ್ನು 7 ಲಕ್ಷದ ಹತ್ತಿರಕ್ಕೆ ಇಳಿಸಿದೆ. ಇವೆಲ್ಲ ಮುಖ್ಯವಾಗಿ ಸೈನಿಕರ ಲೆಕ್ಕ. ಒಕ್ಕೂಟದ ಶಿಬಿರಗಳಿಗೆ ಬಂದು ಸಿಡುಬು, ಹಸಿವುಗಳಿಂದ ಸತ್ತ ಬಿಡುಗಡೆಯಾದ ಗುಲಾಮರ ವಿಷಯವನ್ನು ಜಿಮ್ ಡೌನ್ಸ್ ಅವರು 2012ರಲ್ಲಿ ಬರೆದರು. ಅವರು ಈ ಅಂಕಿಗಳಲ್ಲಿ ಸೇರಿಲ್ಲ.

ಡುಬಾಯ್ಸನಿಗೆ ದೊರೆಯದಿದ್ದ ಹಸ್ತಲಿಖಿತ ದಾಖಲೆಗಳನ್ನು 1976ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಐರಾ ಬರ್ಲಿನ್ ಮೊದಲಾದವರು ಸಂಪಾದಿಸಲು ತೊಡಗಿ, 1982ರಿಂದ ಸಂಪುಟಗಳಾಗಿ ಪ್ರಕಟಿಸುತ್ತ ಬಂದರು. ಮೂಲದ ಕಾಗುಣಿತವನ್ನು ತಿದ್ದದೆ ಇದ್ದಂತೆಯೇ ಅಚ್ಚುಮಾಡಿರುವುದು ಆ ಸಂಪಾದನೆಯ ಗುಣ; ಕನ್ನಡಕ್ಕೆ ತರುವವರು ಆ ಬರಹವನ್ನು ಗ್ರಾಂಥಿಕ ಭಾಷೆಯಲ್ಲಿ ಬರೆದರೆ ಅದರ ಧ್ವನಿಯೇ ಹೋದೀತು. ಅದರಲ್ಲಿ ಸ್ಪಾಟ್ಸ್‌ವುಡ್ ರೈಸ್ ಎಂಬವನು 1864ನೆಯ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಯ ಸೈನಿಕ ಆಸ್ಪತ್ರೆಯಿಂದ ಬರೆದ ಎರಡು ಪತ್ರಗಳಿವೆ. ಅವನು ಒಕ್ಕೂಟದ ಸೈನಿಕ. ಮಿಸೌರಿಯು ಒಕ್ಕೂಟದಲ್ಲಿಯೇ ಉಳಿದಿದ್ದುದರಿಂದ ಘೋಷಣೆಯು ಅಲ್ಲಿಗೆ ಅನ್ವಯಿಸದೆ, ಅವನ ಹೆಣ್ಣುಮಕ್ಕಳು ಇನ್ನೂ ಗುಲಾಮರಾಗಿದ್ದರು. ಒಂದು ಪತ್ರದಲ್ಲಿ, ಪ್ರಾಣ ಹೋದರೂ ನಿಮ್ಮನ್ನು ಬಿಡಿಸಿಕೊಳ್ಳುವೆನೆಂದು ಮಕ್ಕಳಿಗೆ ಹೇಳಿದ್ದಾನೆ. ಇನ್ನೊಂದು ಒಬ್ಬ ಮಗಳ ಯಜಮಾನಿತಿಗೆ ಬರೆದುದು. ಅವನು ತನ್ನ ಮಗುವನ್ನು ಕದಿಯಲು ಯತ್ನಿಸಿದನೆಂದು ಅವಳು ದೂರಿದ್ದಳು. ಮಗುವು ದೇವರು ತನಗೆ ಕೊಟ್ಟುದೆಂದೂ, ಸೈನ್ಯದೊಡನೆ ಬಂದು ಕರೆದೊಯ್ಯುವೆನೆಂದೂ ಅವನು ಉತ್ತರ ಬರೆದಿದ್ದಾನೆ. ಈ ಪತ್ರಗಳು ಉಳಿದುದಕ್ಕೆ ಕಾರಣವೆಂದರೆ, ಅವಳ ಸೋದರನು ಆ ಊರಿನ ಅಂಚೆಯ ಅಧಿಕಾರಿಯಾಗಿದ್ದು, ಇಂಥವನನ್ನು ಸಂಸ್ಥಾನದಿಂದ ಹೊರಗೆ ಕಳುಹಿಸಬೇಕೆಂಬ ದೂರಿನೊಡನೆ ಅವನ್ನು ಸೇನಾಧಿಪತಿಗೆ ಕಳುಹಿಸಿದುದು. ದೂರಿನ ಲಕ್ಕೋಟೆಯೊಳಗೆ ಅವು ಸೈನ್ಯದ ಕಡತಗಳನ್ನು ಸೇರಿ ಅಲ್ಲಿಯೇ ಉಳಿದುವು.